ಗುರ್ಕಾರನ ಆರನೆಯ ಕರ್ತವ್ಯ

ಮಂಗಳೂರು ಜೆಪ್ಪುವಿನ ಜೊಕಿಮ್ ಮಾಸ್ಟ್ರಿಗೆ ಈ ದೇಶದ ಮೇಲೆ ಇದ್ದ ದೂರು ಒಂದೇ. ಇಲ್ಲಿ ಸ್ಕೂಟರ್ ಓಡಿಸಲು ಲೈಸೆನ್ಸ್ ಬೇಕು, ಮೀನಿನ ಬೋಟಿಗೆ ಲೈಸೆನ್ಸ್ ಬೇಕು, ಗೋಳಿಬಜೆ ಕರಿಯುವ ಗಾಡಿಗೂ ಲೈಸೆನ್ಸ್ ಬೇಕು. ಸರಕಾರವನ್ನು ಆರಿಸುವವನಿಗೆ ಮಾತ್ರ ಹದಿನೆಂಟು ತುಂಬಿದರೆ ಸಾಕು.

“ಹದಿನೆಂಟು ತುಂಬುವುದರಲ್ಲಿ ಎಂತ ಸಾಧನೆ ಉಂಟು ಸಾಯ್ಬ್ರೇ? ಸುಮ್ಮನೆ ಚಾಪೆಯಲ್ಲಿ ಬಿದ್ದುಕೊಂಡ್ರೂ ತುಂಬ್ತದೆ,” ಎಂದು ಅವರು ಮೂಲೆಯ ದಿನಸಿ ಅಂಗಡಿಯ ಮಮ್ಮು ಬ್ಯಾರಿಗೆ ದಿನಾ ಬೆಳಿಗ್ಗೆ ಹೇಳುತ್ತಿದ್ದರು.

ಮಮ್ಮು ಬ್ಯಾರಿ ಕುಚ್ಚಲಕ್ಕಿ ತೂಗುತ್ತಲೇ ಉತ್ತರ ಕೊಡುತ್ತಿದ್ದರು. “ಅದು ಸರಿ ಮಾಸ್ಟ್ರೇ. ಆದ್ರೆ ನನ್ನತ್ರ ತೆರಿಗೆ ತಗೊಳ್ಳುವಾಗ ಅವ್ರು ಪ್ರಶ್ನೆ ಎಂತದೂ ಕೇಳ್ಲಿಲ್ಲ. ಬುದ್ಧಿ ಇಲ್ಲದವನ ದುಡ್ಡು ಆಗ್ತದೆ, ಓಟು ಆಗುವುದಿಲ್ಲ, ಹಾಗಾ?”

ಮಾಸ್ಟ್ರು ಆಗ ಪೇಪರ್ ಬಿಡಿಸುತ್ತಿದ್ದರು. ಅವರ ಪೇಪರ್ ಓದುವ ಕ್ರಮವೇ ಬೇರೆ. ಕೈಯಲ್ಲಿ ಕೆಂಪು ಪೆನ್ನು. ತಪ್ಪು ಕಂಡಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ಸರಿ ಬರೆದು, ಕೊನೆಗೆ ಮೊದಲ ಪುಟದ ತಲೆಗೆ ಅಂಕ ಕೊಡುತ್ತಿದ್ದರು. ನೂರಕ್ಕೆ ನಲ್ವತ್ತೆಂಟು ದಾಟಿದ ಪೇಪರ್ ಆ ಮನೆಗೆ ಬಂದದ್ದಿಲ್ಲ. ಅನುದಾನಿತ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು ಅವರು. ಹುಡುಗರು ಬೆನ್ನ ಹಿಂದೆ ಅವರನ್ನು ‘ಸಂವಿಧಾನ’ ಎಂದು ಕರೆಯುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು.

ಇಂಥ ಮನುಷ್ಯನನ್ನು ಸರಕಾರ ಹನ್ನೊಂದು ಚುನಾವಣೆಗಳಲ್ಲಿ ಮತಗಟ್ಟೆಯಲ್ಲಿ ಕೂರಿಸಿ, ಸಿಕ್ಕ ಸಿಕ್ಕವರ ಬೆರಳಿಗೆ ಶಾಯಿ ಹಚ್ಚಿಸಿತ್ತು. ಅವರ ತತ್ವ ಹುಟ್ಟಿದ್ದು ಅಲ್ಲೇ. ಒಮ್ಮೆ ಕಾಟಿಪಳ್ಳದ ಬೂತಿನಲ್ಲಿ ಒಬ್ಬಾಕೆ ಅಜ್ಜಿ ಯಂತ್ರದ ಮುಂದೆ ಐದು ನಿಮಿಷ ನಿಂತು, ಆಮೇಲೆ ತಲೆ ಹೊರಗೆ ಹಾಕಿ, “ಮಾಸ್ಟ್ರೇ, ಇದ್ರಲ್ಲಿ ಯಾವುದು ಒಳ್ಳೆದುಂಟೋ ಅದಕ್ಕೆ ನೀವೇ ಒಂದು ಒತ್ತಿಬಿಡಿ,” ಎಂದಳು. ಹಾಗೆಲ್ಲ ಆಗುವುದಿಲ್ಲ, ಇದು ರಹಸ್ಯ ಮತದಾನ ಎಂದು ಮಾಸ್ಟ್ರು ಹೇಳಿದರು. ಅಜ್ಜಿ ದನಿ ತಗ್ಗಿಸಿ, “ನೀವು ಒತ್ತಿ, ನಾನು ಯಾರಿಗೂ ಹೇಳುವುದಿಲ್ಲ,” ಎಂದು ಭರವಸೆ ಕೊಟ್ಟಳು. ಅಂದಿನಿಂದ ಮಾಸ್ಟ್ರ ಅಭಿಪ್ರಾಯ ಗಟ್ಟಿಯಾಯಿತು. ತಿಳಿದವರಿಗೆ ಮಾತ್ರ ಓಟು. ತಿಳಿದಿದೆಯೋ ಇಲ್ಲವೋ ಎಂದು ನೋಡಲು ಒಂದು ಸಣ್ಣ ಪರೀಕ್ಷೆ. ಇಷ್ಟು ಮಾಡಿದರೆ ದೇಶ ಹತ್ತು ವರ್ಷದಲ್ಲಿ ನೆಟ್ಟಗಾಗುತ್ತದೆ.

ಮನೆಯಲ್ಲಿ ಈ ಪರೀಕ್ಷೆಗೆ ಸಿಗುತ್ತಿದ್ದ ಏಕೈಕ ವಿದ್ಯಾರ್ಥಿನಿ ಹೆಂಡತಿ ಹೆಲನ್. ಆಕೆ ನರ್ಸ್ ಆಗಿ ನಿವೃತ್ತಳಾದವಳು. ಪೇಪರಿನಲ್ಲಿ ಶ್ರದ್ಧಾಂಜಲಿಯ ಪುಟವೊಂದನ್ನು ಬಿಟ್ಟು ಬೇರೇನೂ ಓದುವವಳಲ್ಲ, ಯಾಕೆಂದರೆ ಅಲ್ಲಿ ಪರಿಚಯದವರು ಸಿಗುತ್ತಿದ್ದರು. ಪ್ರತಿ ಚುನಾವಣೆಗೆ ಮೊದಲು ಮಾಸ್ಟ್ರು ಆಕೆಯನ್ನು ಊಟದ ಮೇಜಿನಲ್ಲಿ ಕೂರಿಸಿ, ಲೋಕಸಭೆಗೂ ರಾಜ್ಯಸಭೆಗೂ ಇರುವ ವ್ಯತ್ಯಾಸ ಕೇಳುತ್ತಿದ್ದರು. ಆಕೆ ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತ, “ಒಂದು ಲೋಕದ್ದು, ಒಂದು ರಾಜ್ಯದ್ದು,” ಎನ್ನುತ್ತಿದ್ದಳು. ಆಮೇಲೆ ಸೀರೆ ಉಟ್ಟು ಹೋಗಿ ಓಟು ಹಾಕಿ ಬರುತ್ತಿದ್ದಳು. ಯಾರಿಗೆ ಎಂದು ಕೇಳಿದರೆ, “ರಹಸ್ಯ ಅಂತ ನೀವೇ ಅಲ್ವಾ ಹೇಳಿದ್ದು?” ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆಯ ಒಂದು ಓಟಿನ ಗುಟ್ಟೂ ಹೊರಬಿದ್ದಿರಲಿಲ್ಲ.

ದೇಶದ ವಿಷಯ ಇಷ್ಟಕ್ಕೇ ನಿಂತಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಆದರೆ ಮಾಸ್ಟ್ರ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಅದು ಗುರ್ಕಾರನ ಮುಳ್ಳು.

ಮಂಗಳೂರಿನ ಕ್ರೈಸ್ತರಲ್ಲಿ ಒಂದೊಂದು ಇಗರ್ಜಿಯ, ಎಂದರೆ ಚರ್ಚಿನ, ಮನೆಗಳನ್ನೂ ವಾಡೊಗಳಾಗಿ ಹಂಚಿರುತ್ತಾರೆ. ವಾಡೊ ಎಂದರೆ ಇಪ್ಪತ್ತು, ಮೂವತ್ತು ಮನೆಗಳ ಒಂದು ಗುಂಪು. ಅದಕ್ಕೊಬ್ಬ ಗುರ್ಕಾರ. ಸಂಬಳವಿಲ್ಲ, ಕುರ್ಚಿಯಿಲ್ಲ. ಆದರೂ ಮದುವೆಗೆ ಮೊದಲ ಆಮಂತ್ರಣ ಅವನಿಗೆ, ಸಾವಿಗೆ ಮೊದಲ ಫೋನು ಅವನಿಗೆ. ಜೊಕಿಮ್ ಮಾಸ್ಟ್ರ ತಂದೆ ಇಪ್ಪತ್ತೊಂದು ವರ್ಷ ಗುರ್ಕಾರರಾಗಿದ್ದರು. ಅವರ ಬೆತ್ತದ ಹಿಡಿಯ ಕಪ್ಪು ಕೊಡೆ ಇನ್ನೂ ಮನೆಯ ಬಾಗಿಲ ಹಿಂದೆ ತೂಗುತ್ತಿತ್ತು. ಅರವತ್ತೆಂಟು ತುಂಬಿದ ಮಾಸ್ಟ್ರಿಗೆ ಸಾಯುವ ಮೊದಲು ಒಮ್ಮೆ, ಒಂದೇ ಒಂದು ಸಲ, ಗುರ್ಕಾರ ಎನಿಸಿಕೊಳ್ಳಬೇಕೆಂಬ ಆಸೆಯಿತ್ತು. ಅದನ್ನು ಅವರು ಯಾರಲ್ಲೂ ಹೇಳಿರಲಿಲ್ಲ, ಆದರೆ ಇಡೀ ಜೆಪ್ಪುವಿಗೆ ಗೊತ್ತಿತ್ತು.

ಎರಡು ಸಲ ನಿಂತು ಎರಡು ಸಲವೂ ಸೋತಿದ್ದರು. ಸೋತದ್ದಾದರೂ ಯಾರ ಕೈಯಲ್ಲಿ? ಟೈಲರ್ ವಿನಿಫ್ರೆಡ್ ಬಾಯಿಯ ಕೈಯಲ್ಲಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ವಾಡೊದ ಮಕ್ಕಳು ಮೊದಲ ಪರಮಪ್ರಸಾದ ಪಡೆಯುವ ಕಮ್ಯುನಿಯನ್ ದಿನದ ಫ್ರಾಕು, ಮದುಮಗಳ ಗೌನು, ಅಜ್ಜಿಯರ ರವಿಕೆ ಎಲ್ಲ ಹೊಲಿಯುವವಳು. ಕಳೆದ ಸಲ ಹತ್ತೊಂಬತ್ತು ಓಟು ಬಿದ್ದದ್ದರಲ್ಲಿ ಆಕೆಗೆ ಹನ್ನೊಂದು, ಮಾಸ್ಟ್ರಿಗೆ ಎಂಟು.

“ಆ ಹನ್ನೊಂದು ಮಂದಿಯ ಹತ್ರ ಗುರ್ಕಾರನ ಕೆಲಸ ಎಂತ ಅಂತ ಕೇಳಿ ನೋಡಿ. ಒಬ್ಬರಿಗೆ ಗೊತ್ತಿದ್ರೆ ನನ್ನ ಹೆಸರು ಬದಲಿಸ್ತೇನೆ,” ಎಂದು ಮಾಸ್ಟ್ರು ಮಮ್ಮು ಬ್ಯಾರಿಯ ಅಂಗಡಿಯಲ್ಲಿ ಗುಡುಗಿದರು.

“ಕೇಳುವುದು ಯಾರು ಮಾಸ್ಟ್ರೇ?” ಎಂದರು ಮಮ್ಮು ಬ್ಯಾರಿ.

ಮಾಸ್ಟ್ರಿಗೆ ದಾರಿ ಹೊಳೆದದ್ದು ಆಗ. ಕೇಳುವುದು ತಾನೇ.

ಅವರು ಇಗರ್ಜಿಯ ಮುಖ್ಯ ಪಾದ್ರಿ, ವಿಗಾರ್ ಫಾದರ್ ಪೌಲ್ ಅವರಿಗೆ ಹನ್ನೊಂದು ಪತ್ರ ಬರೆದರು. ಮೊದಲ ಹತ್ತಕ್ಕೆ ಉತ್ತರ ಬರಲಿಲ್ಲ. ಹನ್ನೊಂದನೆಯದರಲ್ಲಿ ಅವರು ಹೂಡಿದ ವಾದಕ್ಕೆ ಫಾದರ್ ಕೂಡ ತಲೆ ಕೆರೆದುಕೊಂಡರಂತೆ. ಮಕ್ಕಳು ಮೊದಲ ಕಮ್ಯುನಿಯನ್ ಪಡೆಯಬೇಕಾದರೆ ಧರ್ಮೋಪದೇಶದ ಪರೀಕ್ಷೆ ಬರೆಯಬೇಕು. ಮದುವೆಯಾಗಬೇಕಾದರೆ ಮೂರು ದಿನದ ಕೋರ್ಸು ಮಾಡಿ ಸರ್ಟಿಫಿಕೇಟ್ ತರಬೇಕು. ಮಗುವಿಗೆ ಜ್ಞಾನಸ್ನಾನವಾಗಬೇಕಾದರೆ ತಂದೆತಾಯಿಗೂ ಒಂದು ಪಾಠವುಂಟು. ನಮ್ಮಲ್ಲಿ ಪರೀಕ್ಷೆಯಿಲ್ಲದೆ ಆಗುವುದು ಹುಟ್ಟು, ಸಾವು ಮತ್ತು ಗುರ್ಕಾರನ ಚುನಾವಣೆ, ಇವು ಮೂರೇ. ಮೊದಲಿನೆರಡು ದೇವರ ಕೈಯಲ್ಲಿವೆ, ಮೂರನೆಯದು ನಿಮ್ಮ ಕೈಯಲ್ಲಿದೆ.

ಫಾದರ್ ಪೌಲ್ ಚಿಕ್ಕ ಪ್ರಾಯದವರು, ಜಗಳಕ್ಕೆ ಹೋಗುವವರಲ್ಲ. ಅಲ್ಲದೆ ವಾಡೊದ ಸಭೆಗೆ ಹತ್ತೊಂಬತ್ತು ಜನ ಬರುವುದು ಅವರಿಗೂ ಬೇಸರದ ವಿಷಯವಾಗಿತ್ತು. ಪರೀಕ್ಷೆ ಎಂದರೆ ಕುತೂಹಲಕ್ಕಾದರೂ ನಾಲ್ಕು ಜನ ಹೆಚ್ಚು ಬಂದಾರು ಎಂದು, “ಈ ಒಂದು ಸಲ, ಈ ಒಂದು ವಾಡೊದಲ್ಲಿ ಮಾತ್ರ ಮಾಡಿ ನೋಡುವ,” ಎಂದು ಒಪ್ಪಿಬಿಟ್ಟರು. ನಿಯಮಗಳನ್ನು ಮಾಸ್ಟ್ರೇ ಬರೆದರು. ಹತ್ತು ಪ್ರಶ್ನೆ. ಆರು ಸರಿಯಾದರೆ ಪಾಸು, ಪಾಸಾದವರಿಗೆ ಓಟು. ಬರೆಯಲು ಬಾರದವರಿಗೆ ಬಾಯಿಪರೀಕ್ಷೆ. ಉತ್ತರಪತ್ರಿಕೆಯಲ್ಲಿ ಹೆಸರಿಲ್ಲ, ನಂಬರು ಮಾತ್ರ. ಪ್ರಶ್ನೆಪತ್ರಿಕೆ ತೆಗೆಯುವವರೂ ತಿದ್ದುವವರೂ ಜೊಕಿಮ್ ಮಾಸ್ಟ್ರು. ಉಮೇದ್ವಾರನೇ ಪರೀಕ್ಷಕನಾಗಬಹುದೇ ಎಂದು ಫಾದರ್ ಮೆಲ್ಲಗೆ ಕೇಳಿದ್ದಕ್ಕೆ ವಿನಿಫ್ರೆಡ್ ಬಾಯಿಯೇ, “ಆಗಲಿ ಫಾದರ್, ಮಾಸ್ಟ್ರು ಮಾರ್ಕು ಕದಿಯುವವರಲ್ಲ,” ಎಂದಳು. ಮಾಸ್ಟ್ರಿಗೆ ಈ ಮಾತು ಇಷ್ಟವಾಗಲಿಲ್ಲ. ಎದುರಾಳಿಯ ಕೈಯಿಂದ ಸರ್ಟಿಫಿಕೇಟ್ ಯಾರಿಗೆ ಬೇಕು?

ಪಠ್ಯವಿಲ್ಲದೆ ಪರೀಕ್ಷೆ ಮಾಡುವುದು ಅನ್ಯಾಯ ಎಂದು ಮಾಸ್ಟ್ರು ಎಂಟು ಪುಟದ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರು. ‘ಗುರ್ಕಾರ: ಹೊಣೆಗಾರಿಕೆ ಮತ್ತು ಅಧಿಕಾರವ್ಯಾಪ್ತಿ’. ಗುರ್ಕಾರನ ಐದು ಕರ್ತವ್ಯಗಳು ನಾಲ್ಕನೆಯ ಪುಟದಲ್ಲಿದ್ದವು. ರೋಗಿಗಳನ್ನು ನೋಡಲು ಹೋಗುವುದು, ಸಾವಿನ ಮನೆಯಲ್ಲಿ ಮೊದಲಿನಿಂದ ಕೊನೆಯವರೆಗೆ ನಿಲ್ಲುವುದು, ನೆರೆಕರೆಯ ಜಗಳ ಬಿಡಿಸುವುದು, ಕಷ್ಟದಲ್ಲಿರುವವರ ವಿಷಯ ವಿಗಾರರಿಗೆ ಮುಟ್ಟಿಸುವುದು, ಹೊಸದಾಗಿ ಬಂದ ಕುಟುಂಬವನ್ನು ವಾಡೊಗೆ ಸೇರಿಸಿಕೊಳ್ಳುವುದು. ಇಷ್ಟನ್ನು ಮಾಸ್ಟ್ರು ಎಂಥ ಕನ್ನಡದಲ್ಲಿ ಬರೆದಿದ್ದರೆಂದರೆ, ‘ರುಗ್ಣಶಯ್ಯೆಯಲ್ಲಿರುವವರ ಯೋಗಕ್ಷೇಮಾವಲೋಕನ’ ಎಂಬಲ್ಲಿಗೆ ಬರುವಾಗ ಅರ್ಧ ವಾಡೊ ಹೊತ್ತಗೆ ಮಡಚಿ ಮೀನು ಸುತ್ತಲು ಎತ್ತಿಟ್ಟಿತು.

ಮೊದಲು ಅತ್ತವಳು ಲಿಡಿಯಾ ಮಾಂಯ್, ವಾಡೊಗೆಲ್ಲ ಅಜ್ಜಿ. ಎಂಬತ್ನಾಲ್ಕು ವರ್ಷ. ಓದಲು ಬರೆಯಲು ಬಾರದು. ವಾಡೊದ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಆಕೆ ಹೆಲನ್‌ಳ ಅಡಿಗೆಕೋಣೆಯಲ್ಲಿ ಕೂತು, “ನನಗೆ ಈ ಪ್ರಾಯದಲ್ಲಿ ಫೇಲ್ ಆಗ್ಲಿಕ್ಕೆ ಉಂಟಾ ಮಗಳೇ? ಸತ್ತ ಮೇಲೆ ನನ್ನ ಗಂಡನಿಗೆ ನಾನು ಎಂತ ಹೇಳುವುದು?” ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು. ಮಾಸ್ಟ್ರು ಆಗ ಮನೆಯಲ್ಲಿರಲಿಲ್ಲ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಅವರು ಬಸ್ಸು ಹಿಡಿದು ಕೊಡಿಯಾಲ್‌ಬೈಲಿಗೆ ಹೋಗುತ್ತಿದ್ದರು. ಅಲ್ಲಿ ಹಿರಿಯ ನಾಗರಿಕರ ಕೂಟವೊಂದರಲ್ಲಿ ಫ್ಯಾನಿನ ಕೆಳಗೆ ಕೂತು, ಅಜ್ಞಾನಿ ಮತದಾರರಿಂದ ಪ್ರಜಾಪ್ರಭುತ್ವಕ್ಕೆ ಬಂದೊದಗಿದ ದುರ್ಗತಿಯ ಬಗ್ಗೆ ಐದೂವರೆಯವರೆಗೆ ಮರುಗಿ, ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡು ಮನೆಗೆ ಬರುತ್ತಿದ್ದರು.

ಆ ಹೊತ್ತಿನಲ್ಲಿ ಜೆಪ್ಪುವಿನಲ್ಲಿ ಏನಾಗುತ್ತಿತ್ತು ಎಂಬುದು ಅವರಿಗೆ ಆಮೇಲೆ ತಿಳಿದದ್ದು. ಮಂಗಳೂರಿನಲ್ಲಿ ಪರೀಕ್ಷೆ ಇದೆ ಎಂದರೆ ಅದಕ್ಕೊಂದು ಟ್ಯೂಶನ್ ಹುಟ್ಟದಿರುತ್ತದೆಯೇ? ದೇಶದ ಮಕ್ಕಳೆಲ್ಲ ಕೋಚಿಂಗಿಗೆಂದು ಬರುವ ಊರಿದು. ಇದೊಂದು ವಿಷಯ ಮಾಸ್ಟ್ರಿಗೆ ಹೊಳೆಯಲಿಲ್ಲ ನೋಡಿ.

ಪರೀಕ್ಷೆ ಭಾನುವಾರ ಎರಡನೇ ಪೂಜೆಯ ನಂತರ, ಇಗರ್ಜಿಯ ಹಾಲಿನಲ್ಲಿ. ಹತ್ತೊಂಬತ್ತು ಜನ ಬರುತ್ತಿದ್ದ ಕಡೆ ಮೂವತ್ತೇಳು ಜನ ಬಂದಿದ್ದರು. ಮಾಸ್ಟ್ರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಬೆಂಚುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ತಿರುಗಿದರು. ಎಷ್ಟೋ ವರ್ಷಗಳ ನಂತರ ಅವರ ಬೆನ್ನು ನೇರವಾಗಿತ್ತು. ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮೂರು ಮಕ್ಕಳ ತಂದೆ, ಅಭ್ಯಾಸಬಲದಿಂದ ಎದ್ದು ನಿಂತು ನೀರು ಕುಡಿಯಲು ಪರ್ಮಿಶನ್ ಕೇಳಿದ. ವಿನಿಫ್ರೆಡ್ ಬಾಯಿ ಕೊನೆಯ ಬೆಂಚಿನಲ್ಲಿ ಕೂತು ಪೆನ್ನಿನ ತುದಿ ಕಚ್ಚುತ್ತಿದ್ದಳು. ಮೂವತ್ತಾರು ಮಂದಿ ತಲೆ ತಗ್ಗಿಸಿ ಬರೆಯುತ್ತಿದ್ದರು. ಬರೆಯುವ ವೇಗ ನೋಡಿ ಮಾಸ್ಟ್ರಿಗೆ ಸ್ವಲ್ಪ ಸಂಶಯ ಬಂದದ್ದು ನಿಜ.

ಬಾಯಿಪರೀಕ್ಷೆಗೆ ಇದ್ದವಳು ಲಿಡಿಯಾ ಮಾಂಯ್ ಒಬ್ಬಳೇ. ಮಾಸ್ಟ್ರು ಆಕೆಯ ಎದುರು ಕುರ್ಚಿ ಎಳೆದುಕೊಂಡರು.

“ಗುರ್ಕಾರನ ಅವಧಿ ಎಷ್ಟು ವರ್ಷ?”

“ಮೂರು. ನಿನ್ನ ಅಪ್ಪನಿಗೆ ಮಾತ್ರ ಇಪ್ಪತ್ತೊಂದಾಯ್ತು, ಬೇರೆ ಯಾರೂ ಸಿಗ್ಲಿಲ್ಲ ಪುತಾ.”

“ಅದನ್ನು ನಾನು ಕೇಳ್ಲಿಲ್ಲ. ನಮ್ಮ ವಾಡೊದಲ್ಲಿ ಎಷ್ಟು ಮನೆ ಉಂಟು?”

ಕೀ ಉತ್ತರದಲ್ಲಿ ಇಪ್ಪತ್ತೊಂದು ಎಂದಿತ್ತು. ಮಾಸ್ಟ್ರು ಹೊತ್ತಗೆಯಲ್ಲೂ ಹಾಗೆಯೇ ಅಚ್ಚು ಹಾಕಿಸಿದ್ದರು. ಲಿಡಿಯಾ ಮಾಂಯ್ ಬೆರಳಿನ ಗೆಣ್ಣುಗಳ ಮೇಲೆ ಎಣಿಸತೊಡಗಿದಳು. ಒಂದೊಂದು ಮನೆಯ ಹೆಸರು, ಆ ಮನೆಯಲ್ಲಿ ಯಾರಿಗೆ ಮಂಡಿನೋವು, ಯಾರ ಮಗಳ ಸಂಬಂಧ ತಪ್ಪಿಹೋಯಿತು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಲ್ಲ ಸೇರಿಸಿ ಎಣಿಸಿ ಮುಗಿಸುವಾಗ ಇಪ್ಪತ್ತೆರಡಾಯಿತು.

“ಇಪ್ಪತ್ತೊಂದು ಮಾಂಯ್. ಒಂದು ಮನೆಯನ್ನು ಎರಡು ಸಲ ಲೆಕ್ಕ ಹಾಕಿದ್ರಿ.”

“ಮಮ್ಮು ಬ್ಯಾರಿಯ ಅಂಗಡಿಯ ಹಿಂದೆ ಬಾಡಿಗೆಗೆ ಬಂದವರನ್ನು ಸೇರಿಸಿದ್ದೀಯಾ? ಡೆರಿಲ್ ಅಂತ ಹುಡುಗ, ಹೆಂಡ್ತಿ ಬಾಣಂತಿ. ನಾಲ್ಕು ತಿಂಗಳಾಯ್ತು. ನಮ್ಮ ಟೈಲರ್ ವಿನ್ನಿ ದಿನಾ ಹೋಗಿ ಮಗುವಿಗೆ ಸ್ನಾನ ಮಾಡಿಸಿ ಬರ್ತಾಳೆ. ನಿನಗೆ ಗೊತ್ತಿಲ್ವಾ?”

ಮಾಸ್ಟ್ರಿಗೆ ಗೊತ್ತಿರಲಿಲ್ಲ. ಆ ಅಂಗಡಿಗೆ ದಿನಾ ಹೋಗುತ್ತಿದ್ದರು, ದೇಶದ ಸ್ಥಿತಿಯನ್ನು ಗಂಟೆಗಟ್ಟಲೆ ಮಾತಾಡುತ್ತಿದ್ದರು, ಅಂಗಡಿಯ ಹಿಂದೆ ಮಗುವೊಂದು ಅಳುವುದನ್ನೂ ಕೇಳಿದ್ದರು. ಅದು ಯಾರ ಮಗು ಎಂದು ಕೇಳಿರಲಿಲ್ಲ. ಅವರು ಕೆಂಪು ಪೆನ್ನು ತೆಗೆದು, ತಮ್ಮದೇ ಕೀ ಉತ್ತರದ ಇಪ್ಪತ್ತೊಂದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಇಪ್ಪತ್ತೆರಡು ಎಂದು ಬರೆದರು. ಆಮೇಲೆ, ತಪ್ಪು ಪಠ್ಯದಲ್ಲೇ ಇದ್ದುದರಿಂದ ಇಪ್ಪತ್ತೊಂದು ಬರೆದವರಿಗೂ ಗ್ರೇಸ್ ಮಾರ್ಕು ಎಂದು ಅಡಿಯಲ್ಲಿ ಟಿಪ್ಪಣಿ ಹಾಕಿದರು. ಲಿಡಿಯಾ ಮಾಂಯ್ ಎಂಟು ಅಂಕ ತೆಗೆದು ಪಾಸಾಗಿ, ಗೋಳಿಬಜೆ ತಿನ್ನಲು ಹೋದಳು.

ಬರೆದವರೆಲ್ಲ ಹೊರಗೆ ಚಹಾ ಕುಡಿಯುತ್ತಿರಲು, ಮಾಸ್ಟ್ರು ಒಳಗಿನ ಸಣ್ಣ ಕೋಣೆಯಲ್ಲಿ ಕೂತು ಪತ್ರಿಕೆ ತಿದ್ದತೊಡಗಿದರು. ಮೊದಲನೆಯದು ಪಾಸು. ಎರಡನೆಯದು ಪಾಸು. ಮೂರನೆಯದರ ಏಳನೇ ಉತ್ತರದಲ್ಲಿ ಅವರ ಪೆನ್ನು ನಿಂತಿತು. ಗುರ್ಕಾರನ ಕರ್ತವ್ಯಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಐದು ಕರ್ತವ್ಯಗಳೂ ಸರಿಯಾಗಿದ್ದವು. ಕೆಳಗೆ ಆರನೆಯದೂ ಇತ್ತು. ‘ಬಿಸಿಲು ಮಳೆ ಎನ್ನದೆ ಪಾದ್ರಿಗೆ ಕೊಡೆ ಹಿಡಿಯುವುದು.’

ಮಾಸ್ಟ್ರು ನಕ್ಕು ಒಂದು ಗೆರೆ ಎಳೆದರು. ನಾಲ್ಕನೆಯದರಲ್ಲೂ ಕೊಡೆ. ಐದನೆಯದರಲ್ಲೂ ಕೊಡೆ. ಆರನೆಯವರು ‘ಕೊಡೆ ಹಿಡಿಯುವಾಗ ತಾನು ಒದ್ದೆಯಾದರೂ ಚಿಂತಿಲ್ಲ’ ಎಂದು ವಿವರಣೆಯನ್ನೂ ಕೊಟ್ಟಿದ್ದರು. ಮಾಸ್ಟ್ರ ನಗು ನಿಂತಿತು. ಹದಿನೈದು, ಇಪ್ಪತ್ತು, ಇಪ್ಪತ್ತೆಂಟು. ಮೂವತ್ತಾರು ಪತ್ರಿಕೆಗಳಲ್ಲಿ ಇಪ್ಪತ್ತೆಂಟರಲ್ಲಿ ಪಾದ್ರಿಯ ತಲೆಯ ಮೇಲೆ ಕೊಡೆ ಬಿಚ್ಚಿಕೊಂಡಿತ್ತು.

ಮೂವತ್ತನಾಲ್ಕು ವರ್ಷ ಪತ್ರಿಕೆ ತಿದ್ದಿದವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಸರಿ ಉತ್ತರ ನೂರು ಜನ ಬರೆಯಬಹುದು, ಒಂದೇ ತಪ್ಪನ್ನು ಇಪ್ಪತ್ತೆಂಟು ಜನ ಬರೆದರೆ ಅದರ ಮೂಲ ಒಂದೇ. ಆ ಮೂಲ ಯಾವುದೆಂದೂ ಅವರಿಗೆ ಗೊತ್ತಾಯಿತು. ಮದುವೆಯಾದ ಮೊದಲ ವಾರದಲ್ಲಿ ಹೊಸ ಹೆಂಡತಿ, ಮಾವನವರು ಗುರ್ಕಾರರಂತೆ, ಗುರ್ಕಾರನ ಕೆಲಸ ಎಂತ ಎಂದು ಕೇಳಿದ್ದಳು. ಆಗ ತರುಣ ಜೊಕಿಮ್ ಐದು ಕೆಲಸ ಹೇಳಿ, ಆರನೆಯದಾಗಿ ಕೊಡೆಯ ಮಾತು ಸೇರಿಸಿದ್ದರು. ಅದು ಅಪ್ಪನ ಮೇಲಿನ ಕುಹಕ. ಅಪ್ಪ ಮೆರವಣಿಗೆಯಲ್ಲಿ ಪಾದ್ರಿಗೆ ಕೊಡೆ ಹಿಡಿದು ತಾನು ತೋಯಿಸಿಕೊಂಡು ನಡೆಯುವುದು ನೋಡಿ ಓದಿದ ಮಗನಿಗೆ ನಾಚಿಕೆಯಾಗುತ್ತಿತ್ತು. ಆ ಮಾತನ್ನು ಅವರು ಜೀವಮಾನದಲ್ಲಿ ಹೇಳಿದ್ದು ಒಬ್ಬಳಿಗೆ ಮಾತ್ರ.

ಪತ್ರಿಕೆಗಳ ನಡುವಿನಿಂದ ಅವರು ಹೆಲನ್‌ಳದನ್ನು ಹುಡುಕಿ ತೆಗೆದರು. ನಂಬರಿದ್ದರೇನು, ನರ್ಸಿನ ಆ ದುಂಡು ಅಕ್ಷರ ಎಲ್ಲಿದ್ದರೂ ಗುರುತು ಸಿಗುತ್ತದೆ. ಆಕೆ ಕೊಡೆಯನ್ನು ಆರನೆಯದಾಗಿ ಬರೆದಿರಲಿಲ್ಲ. ಮೊದಲನೆಯದಾಗಿ ಬರೆದಿದ್ದಳು.

ಮಾಸ್ಟ್ರು ಎದ್ದು ಹೋಗಿ, ಕಿಟಕಿಯ ಹತ್ತಿರ ಚಹಾ ಕುಡಿಯುತ್ತಿದ್ದ ಹೆಂಡತಿಯನ್ನು ಕಣ್ಸನ್ನೆಯಿಂದ ಒಳಗೆ ಕರೆದರು.

“ಟ್ಯೂಶನ್ ಕೊಟ್ಟದ್ದು ನೀನಾ?”

“ಹೌದು. ವಿನ್ನಿಯ ಟೈಲರಿಂಗ್ ಕೋಣೆಯಲ್ಲಿ. ಮಂಗಳವಾರ, ಶುಕ್ರವಾರ,” ಎಂದಳು ಹೆಲನ್. ಆಕೆಯ ಮುಖದಲ್ಲಿ ಹೆದರಿಕೆಯಿರಲಿಲ್ಲ.

“ನನ್ನ ವಿರುದ್ಧ?”

“ವಿರುದ್ಧ ಎಂತ? ನಿಮ್ಮ ಪುಸ್ತಕವನ್ನೇ ಹೇಳಿಕೊಟ್ಟದ್ದು, ಸರಿಯಾದ ಕೊಂಕಣಿಯಲ್ಲಿ. ನಾನು ಎಷ್ಟು ವರ್ಷ ಆಸ್ಪತ್ರೆಯಲ್ಲಿದ್ದೆ? ಮಾತ್ರೆಯ ಹೆಸರು ಗೊತ್ತಿಲ್ಲ ಅಂತ ರೋಗಿಗೆ ಮಾತ್ರೆ ಕೊಡದೆ ಬಾಗಿಲ ಹೊರಗೆ ನಿಲ್ಲಿಸಿದ್ದೇನಾ? ಗೊತ್ತಿಲ್ಲದಿದ್ರೆ ಹೇಳಿಕೊಡ್ಬೇಕು. ನೀವು ಮಾಸ್ಟ್ರು, ಇದು ನಾನು ನಿಮಗೆ ಹೇಳ್ಬೇಕಾ?”

“ಆ ಕೊಡೆ ತಮಾಷೆಗೆ ಹೇಳಿದ್ದು ಮಾರಾಯ್ತಿ!”

“ನನಗೆ ತಮಾಷೆ ಅಂತ ಅನಿಸ್ಲಿಲ್ಲ,” ಎಂದು ಹೇಳಿ ಹೆಲನ್ ಖಾಲಿ ಲೋಟ ತೆಗೆದುಕೊಂಡು ಹೊರಗೆ ಹೋದಳು.

ಮಾಸ್ಟ್ರು ಮತ್ತೆ ಕುರ್ಚಿಯಲ್ಲಿ ಕೂತರು. ಮೇಜಿನ ಮೇಲೆ ಎರಡು ಕಟ್ಟು. ಕೊಡೆಯಿರುವ ಇಪ್ಪತ್ತೆಂಟು, ಕೊಡೆಯಿಲ್ಲದ ಎಂಟು. ಎಂಟು! ಕಳೆದ ಸಲ ತನಗೆ ಬಿದ್ದದ್ದೂ ಎಂಟೇ. ಅಕ್ಷರ ನೋಡಿದರೆ ಹೆಚ್ಚುಕಡಿಮೆ ಅವರೇ ಎಂದು ಕಾಣುತ್ತದೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್, ಕಾಲೇಜಿನ ಲೆಕ್ಚರರ್ ಜಾನೆಟ್, ಓದಿಕೊಂಡವರು, ಟ್ಯೂಶನ್ನಿಗೆ ಹೋಗದೆ ಹೊತ್ತಗೆಯನ್ನು ತಾವೇ ಓದಿ ಬರೆದವರು. ಸಾಮೂಹಿಕ ನಕಲು ಎಂದು ಕೆಂಪು ಪೆನ್ನಿನಲ್ಲಿ ಎರಡು ಶಬ್ದ ಬರೆದರೆ ಇಪ್ಪತ್ತೆಂಟು ರದ್ದು. ಉಳಿದ ಎಂಟು ಮತ್ತು ಲಿಡಿಯಾ ಮಾಂಯ್ ಓಟು ಹಾಕುತ್ತಾರೆ. ಎಂಟಕ್ಕೊಂದರಿಂದ ಜೊಕಿಮ್ ಮಾಸ್ಟ್ರು ಗುರ್ಕಾರ. ಯಾರೂ ಪ್ರಶ್ನಿಸುವಂತಿಲ್ಲ, ನಿಯಮದಲ್ಲೇ ಇದೆ.

ಅವರು ಪೆನ್ನಿನ ಮುಚ್ಚಳ ತೆಗೆದರು. ಹಾಕಿದರು. ಮತ್ತೆ ತೆಗೆದರು. ಇದು ನಕಲೇ? ಒಬ್ಬರು ಹೇಳಿಕೊಟ್ಟರು, ಇಪ್ಪತ್ತೆಂಟು ಜನ ಕೂತು ಕಲಿತರು. ಮೂವತ್ತನಾಲ್ಕು ವರ್ಷ ತಾನು ಮಾಡಿದ್ದೂ ಇದನ್ನೇ. ತಾನು ತಪ್ಪು ಹೇಳಿಕೊಟ್ಟ ಕಡೆ ಮಕ್ಕಳೂ ತಪ್ಪು ಬರೆದದ್ದುಂಟು, ಆಗ ತಾನು ಮಕ್ಕಳ ಮಾರ್ಕು ಕಡಿದದ್ದಿಲ್ಲ. ಹೊರಗಿನಿಂದ ಲಿಡಿಯಾ ಮಾಂಯ್ ಎಂಟು ಮಾರ್ಕಿನ ಕತೆಯನ್ನು ನಾಲ್ಕನೇ ಸಲ ಹೇಳುವುದು ಕೇಳಿಸುತ್ತಿತ್ತು. ವಿನಿಫ್ರೆಡ್ ಬಾಯಿಯ ಮಾತು ಬೇಡವೆಂದರೂ ನೆನಪಾಯಿತು. ಮಾಸ್ಟ್ರು ಮಾರ್ಕು ಕದಿಯುವವರಲ್ಲ.

ಹಾಳು ಹೆಂಗಸು, ಎಂದು ಗೊಣಗಿ ಮಾಸ್ಟ್ರು ಇಪ್ಪತ್ತೆಂಟು ಪತ್ರಿಕೆಗಳಿಗೂ ಪಾಸು ಹಾಕಿದರು. ಕೊಡೆಗೆ ಮಾತ್ರ ಮಾರ್ಕು ಕೊಡಲಿಲ್ಲ. ಅಷ್ಟರಮಟ್ಟಿಗೆ ಶಿಸ್ತು ಬೇಕು.

ಮೂವತ್ತೇಳರಲ್ಲಿ ಮೂವತ್ತೇಳೂ ಪಾಸು ಎಂದು ಫಾದರ್ ಪೌಲ್ ಓದಿದಾಗ ಹಾಲಿನಲ್ಲಿ ಚಪ್ಪಾಳೆ ಬಿತ್ತು. ವಿನಿಫ್ರೆಡ್ ಬಾಯಿ ಆರೇ ಆರು ತೆಗೆದು ಕಡೆಯವಳಾಗಿ ಪಾಸಾದದ್ದಕ್ಕೆ ಇನ್ನೂ ಜೋರು ಚಪ್ಪಾಳೆ. ಆಮೇಲೆ ಫಾದರ್ ಓಟಿನ ಚೀಟಿ ಹಂಚುತ್ತ ಬಂದು ಮಾಸ್ಟ್ರ ಮುಂದೆ ನಿಂತು, “ನೀವು ಪರೀಕ್ಷೆ ಬರೆದಿದ್ದೀರಾ ಸರ್?” ಎಂದು ಸಂಕೋಚದಿಂದ ಕೇಳಿದರು. ಪ್ರಶ್ನೆಪತ್ರಿಕೆ ತೆಗೆದವನು ಬರೆಯುವುದು ಹೇಗೆ? ಬರೆಯದವರಿಗೆ ಓಟಿಲ್ಲ ಎಂಬುದು ಎರಡನೆಯ ನಿಯಮ. ತಮ್ಮದೇ ಅಕ್ಷರದ ನಿಯಮ. ಇಡೀ ವಾಡೊದಲ್ಲಿ ಅಂದು ಓಟಿನ ಹಕ್ಕಿಲ್ಲದೆ ಕೂತವರು ಜೊಕಿಮ್ ಮಾಸ್ಟ್ರೊಬ್ಬರೇ.

ಚೀಟಿ ಎಣಿಸಲು ಐದು ನಿಮಿಷ ಸಾಕಾಯಿತು. ವಿನಿಫ್ರೆಡ್ ಬಾಯಿಗೆ ಮೂವತ್ತಮೂರು. ಮೂರು ಚೀಟಿ ಅಸಿಂಧು, ಯಾಕೆಂದರೆ ಅವುಗಳಲ್ಲಿ ಹೆಲನ್ ಬಾಯಿ ಎಂದು ಬರೆದಿತ್ತು, ಆಕೆ ಉಮೇದ್ವಾರಳೇ ಅಲ್ಲ. ಜೊಕಿಮ್ ಮಾಸ್ಟ್ರಿಗೆ ಒಂದು.

ಮಾಸ್ಟ್ರು ಎದ್ದು ಹೋಗಿ ವಿನಿಫ್ರೆಡ್ ಬಾಯಿಯ ಕೈ ಕುಲುಕಿದರು. ಆಕೆ, “ನಿಮ್ಮ ಅಂಗಿಯ ಕಾಲರ್ ಸವೆದಿದೆ ಮಾಸ್ಟ್ರೇ, ಕಳಿಸಿ, ತಿರುಗಿಸಿ ಹೊಲಿದು ಕೊಡ್ತೇನೆ,” ಎಂದಳು. ಅದನ್ನು ಆಕೆ ಮನಸ್ಸಿನಿಂದಲೇ ಹೇಳಿದ್ದು.

ಸುದ್ದಿ ಅವರಿಗಿಂತ ಮೊದಲೇ ಮಮ್ಮು ಬ್ಯಾರಿಯ ಅಂಗಡಿ ತಲುಪಿತ್ತು. ಹೆಲನ್ ಮುಂದೆ ನಡೆದಳು, ಮಾಸ್ಟ್ರು ಅಂಗಡಿಯ ಬೆಂಚಿನಲ್ಲಿ ಕುಸಿದು ಕೂತರು.

“ಆ ಎಂಟು ಮಂದಿ ಎಲ್ಲಿ ಹೋದ್ರು ಸಾಯ್ಬ್ರೇ? ಇಪ್ಪತ್ತೆಂಟು ಮಂದಿಯನ್ನು ಬಿಡಿ, ಅವರು ವಿನಿಫ್ರೆಡ್ ಬಾಯಿಯ ಜನ. ಓದಿದ ಎಂಟು ಮಂದಿ ಎಲ್ಲಿ?”

ಮಮ್ಮು ಬ್ಯಾರಿ ಸೋಡಾ ಬಾಟ್ಲಿ ತೆರೆದು ಕೈಗಿಟ್ಟರು. “ಕಳೆದ ಸಲ ಅವ್ರಿಗೆ ಗುರ್ಕಾರ ಎಂತ ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ ಮಾಸ್ಟ್ರೇ. ಓದಿದವರು ಅಂತ ನಿಮಗೆ ಹಾಕಿದ್ರು. ಈ ಸಲ ನೀವೇ ಎಂಟು ಪುಟ ಅಚ್ಚು ಹಾಕ್ಸಿ ಕೊಟ್ರಿ. ಬ್ಯಾಂಕ್ ಮ್ಯಾನೇಜರ್ರು ನಿನ್ನೆ ಇಲ್ಲೇ ಕೂತು ಓದಿದ್ರು. ರೋಗಿಗಳನ್ನು ನೋಡುವುದು, ವಿನಿಫ್ರೆಡ್. ಸಾವಿನ ಮನೆ, ವಿನಿಫ್ರೆಡ್. ಜಗಳ ಬಿಡಿಸುವುದು, ವಿನಿಫ್ರೆಡ್. ಐದಕ್ಕೂ ಟಿಕ್ ಹಾಕಿದ್ರು. ಪುಸ್ತಕ ಚಂದ ಉಂಟು ಅಂತ ಹೇಳಿದ್ರು ಮಾರಾಯ್ರೇ.”

ಇಪ್ಪತ್ತೆಂಟು ಪತ್ರಿಕೆ ರದ್ದು ಮಾಡಿದ್ದರೂ ಸೋಲುತ್ತಿದ್ದೆ ಎಂಬುದು ಮಾಸ್ಟ್ರಿಗೆ ಆಗ ತಿಳಿಯಿತು. ಮಾನವೂ ಹೋಗಿ ಗುರ್ಕಾರಿಕೆಯೂ ಹೋಗುತ್ತಿತ್ತು. ಅವರಿಗೆ ಅಳು ಬಂದ ಹಾಗಾಯಿತು, ಸೋಡಾದ ಗ್ಯಾಸಿನ ಮೇಲೆ ಹಾಕಿ ಕಣ್ಣೊರಸಿಕೊಂಡರು. ಅಷ್ಟರಲ್ಲಿ ಅಂಗಡಿಯ ಹಿಂದೆ ಮಗು ಅತ್ತಿತು.

“ಹೆಣ್ಣಾ, ಗಂಡಾ?” ಎಂದು ಕೇಳಿದರು ಮಾಸ್ಟ್ರು.

“ಹೆಣ್ಣು,” ಎಂದರು ಮಮ್ಮು ಬ್ಯಾರಿ. “ನಾಲ್ಕು ತಿಂಗಳಾಯ್ತು ನೀವು ಕೇಳದೆ.”

ಮಾಸ್ಟ್ರು ಎದ್ದು, ಅಂಗಡಿ ಸುತ್ತು ಹಾಕಿ ಹಿಂದಿನ ಬಾಗಿಲಿಗೆ ಹೋಗಿ, ಡೆರಿಲ್ ಎಂಬ ಆ ಹುಡುಗನ ಹತ್ತಿರ ಹೆಸರು ಹೇಳಿಕೊಂಡು, ಒಳಗೆ ಕೂರದೆ, ಮಗುವನ್ನು ದೂರದಿಂದ ನೋಡಿ ಮನೆಗೆ ಬಂದರು.

ಹೆಲನ್ ಗಂಜಿಗೆ ಚಟ್ನಿ ಅರೆಯುತ್ತಿದ್ದಳು. ಮಾಸ್ಟ್ರು ಬಾಗಿಲ ಹಿಂದೆ ತೂಗುತ್ತಿದ್ದ ಅಪ್ಪನ ಕೊಡೆಯನ್ನು ಸ್ವಲ್ಪ ಹೊತ್ತು ನೋಡಿದರು.

“ಆ ಒಂದು ಓಟು ಯಾರದ್ದು ಹೆಲನ್?”

ಆಕೆ ಮಿಕ್ಸಿಗೆ ಇನ್ನೊಂದು ಹಿಡಿ ತೆಂಗಿನತುರಿ ಹಾಕಿದಳು.

“ನಿನ್ನದಾ? ಅಯ್ಯೋ ಪಾಪ ಅಂತ ಹಾಕಿದ್ದಾ?”

ಹೆಲನ್ ಮಿಕ್ಸಿ ನಿಲ್ಲಿಸಿದಳು. ಮೂವತ್ತೆಂಟು ವರ್ಷ ಕಾಪಾಡಿಕೊಂಡು ಬಂದ ರಹಸ್ಯ ಮತದಾನವನ್ನು ಆಕೆ ಆ ಭಾನುವಾರ ಮೊದಲ ಸಲ ಮುರಿದಳು.

“ಪಾಪ ಅಂತ ಅಲ್ಲ. ಅವರಿಗೆಲ್ಲ ಗೊತ್ತಿದ್ದದ್ದು ಹತ್ತು ಪ್ರಶ್ನೆ. ಆ ಹತ್ತು ಗೊತ್ತಾಯ್ತು, ವಿನ್ನಿಗೆ ಹಾಕಿದ್ರು. ನನಗೆ ನಿಮ್ಮ ವಿಷಯ ಎಲ್ಲ ಗೊತ್ತುಂಟು. ಎಲ್ಲ ಗೊತ್ತಿದ್ದೂ ನಿಮಗೆ ಹಾಕಿದ್ದು ನಾನೊಬ್ಬಳೇ.”

ಮಾಸ್ಟ್ರ ಕಿಸೆಯಲ್ಲಿ ಕೆಂಪು ಪೆನ್ನು ಇತ್ತು. ತಿದ್ದಲು ಏನೂ ಸಿಗದೆ ಅವರು ಗಂಜಿಗೆ ತಟ್ಟೆ ಇಟ್ಟರು.